ಪಿತ್ತಕೋಶಕ್ಕೆ ಸುರಂಗ ಯಾವ ಕಡೆಯಿಂದ?

ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆ ಬಲಪಕ್ಕೆಯ ಅಡಿ ನೋವು ಅಂದರೆ ಮೊದಲು ಬರುವುದು ಪುನರ್ಪುಳಿ (ಕೋಕಂ) ಶರಬತ್ತು. ‘ಪಿತ್ತ ಜಾಸ್ತಿಯಾಗಿದೆ, ಕುಡಿ.’ ಸೆಕೆಗೆ ಪುನರ್ಪುಳಿ ಒಳ್ಳೆಯದೇ. ಆದರೆ ಜ್ವರದ ಜೊತೆ ಬಂದು ಬಿಡದೆ ಕಾಡುವ ಆ ನೋವು ಪಿತ್ತಕೋಶದ, ಅಂದರೆ ಯಕೃತ್ತಿನ ಅಡಿಯಲ್ಲಿ ಪಿತ್ತರಸ ತುಂಬಿಡುವ ಚೀಲದ ಉರಿಯೂತ ಇರಬಹುದು. ಅಲ್ಲಿ ಪಿತ್ತರಸ ಹೆಚ್ಚಾಗಿರುವುದಿಲ್ಲ, ಹೊರಗೆ ಹೋಗಲಾಗದೆ ನಿಂತಿರುತ್ತದೆ. ಹೆಚ್ಚಿನವರಲ್ಲಿ ಕೋಶದ ಕತ್ತಿನ ಹತ್ತಿರ ಒಂದು ಕಲ್ಲು ಸಿಕ್ಕಿಕೊಂಡಿರುತ್ತದೆ. ಶರಬತ್ತು ಅದನ್ನು ಅಲುಗಿಸುವುದಿಲ್ಲ. ಸುಮ್ನೆ ಕಾದರೆ ಕೋಶ ಕೊಳೆತು ತೂತಾದೀತು.

1867ರಲ್ಲಿ ಅಮೆರಿಕದ ಜಾನ್ ಬಾಬ್ಸ್ ಕೋಶವನ್ನು ಕೊಯ್ದು ಕಲ್ಲು ತೆಗೆದರು, ಕೋಶವನ್ನು ಅಲ್ಲೇ ಬಿಟ್ಟರು. 1882ರಲ್ಲಿ ಬರ್ಲಿನ್‌ನ ಕಾರ್ಲ್ ಲಾಂಗೆನ್‌ಬುಕ್ ಕೋಶವನ್ನೇ ತೆಗೆದರು. ಕಲ್ಲು ಹುಟ್ಟುವ ಜಾಗವೇ ಅದು, ಅಲ್ವಾ? ಇವತ್ತಿಗೂ ಆಪರೇಷನ್ನೇ ಮೊದಲ ಆಯ್ಕೆ. ಅಪಾಯ ಹೆಚ್ಚಿರುವ 142 ರೋಗಿಗಳ ಮೇಲಿನ ಡಚ್ ಅಧ್ಯಯನ 2018ರಲ್ಲಿ ಬಂತು. ರಸ ಬಸಿಯಲು ಚರ್ಮದ ಮೂಲಕ ಕೋಶಕ್ಕೆ ಕೊಳವೆ ಹಾಕಿಸಿಕೊಂಡವರಲ್ಲಿ ಶೇ 65 ಮಂದಿಗೆ ದೊಡ್ಡ ತೊಡಕುಗಳಾದವು, ಆಪರೇಷನ್ ಆದವರಲ್ಲಿ ಶೇ 12 ಮಂದಿಗೆ. ಅರಿವಳಿಕೆಯನ್ನೇ ತಾಳಲಾರದವರಿಗೆ ಮಾತ್ರ ಒಳಗಿನ ರಸ ಬಸಿಯುವ ದಾರಿ ಬೇಕು.

ದಾರಿ ಯಾವುದು? ನಮ್ಮ ಸುರಂಗಗಳನ್ನು ನೆನೆಯಿರಿ. ಗುಡ್ಡಕ್ಕೆ ಅಡ್ಡ ಕೊರೆದು ನೀರು ಇಳಿಸುತ್ತೇವೆ. ಗಟ್ಟಿ ಮುರಕಲ್ಲಾದರೆ ಗೋಡೆ ಕಟ್ಟಬೇಕಿಲ್ಲ. ಚರ್ಮದ ಮೂಲಕ ಕೊಳವೆ ಹಾಕುವವರು ಸಾಮಾನ್ಯವಾಗಿ ಯಕೃತ್ತನ್ನು ಹಾಯ್ದೇ ಹೋಗುವುದೂ ಇದೇ ಕಾರಣಕ್ಕೆ. ಯಕೃತ್ತು ಕೊಳವೆಯನ್ನು ಸುತ್ತಲೂ ಹಿಡಿದುಕೊಳ್ಳುತ್ತದೆ, ಪಿತ್ತರಸ ಹೊಟ್ಟೆಯೊಳಗೆ ಸೋರುವ ಭಯ ಕಡಿಮೆ. ಬೇಗ ಮುಗಿಯುವ ಕೆಲಸ. ಆದರೆ ಹೊರಗೆ ಚೀಲ ನೇತಾಡುತ್ತದೆ, ಕೊಳವೆ ಜಾರುತ್ತದೆ.

ಎರಡನೆಯದು ಹಳೆಯ ತೋಡನ್ನೇ ಹಿಡಿದು ಮೇಲಕ್ಕೆ ಹೋಗುವುದು. ಬಾಯಿಯಿಂದ ದುರ್ಬೀನು (ಎಂಡೋಸ್ಕೋಪ್) ಇಳಿಸಿ, ಪಿತ್ತನಾಳದೊಳಗೆ ನುಸುಳಿ, ಅಲ್ಲಿಂದ ಕೋಶಕ್ಕೆ ಹೋಗುವ ತಿರುವುಮುರುವಿನ ಸಣ್ಣ ನಾಳ ದಾಟಿ ಸ್ಟೆಂಟ್, ಅಂದರೆ ದಾರಿ ತೆರೆದಿಡುವ ಪುಟ್ಟ ಕೊಳವೆ, ಇಡುತ್ತಾರೆ. ಎಲ್ಲೂ ತೂತು ಮಾಡಬೇಕಿಲ್ಲ. ರಕ್ತ ಹೆಪ್ಪುಗಟ್ಟದವರಿಗೆ, ಹೊಟ್ಟೆಯಲ್ಲಿ ನೀರು ತುಂಬಿದವರಿಗೆ ಇದು ಹೊಂದುತ್ತದೆ. ಕಲ್ಲೇ ಅಡ್ಡ ಬಂದರೆ ಮಾತ್ರ ದಾಟುವುದು ಕಷ್ಟ.

ಮೂರನೆಯದು ನನಗೆ ತುಂಬಾ ಇಷ್ಟ. ದುರ್ಬೀನಿನ ತುದಿಯ ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತಾ ಜಠರದ ಅಥವಾ ಸಣ್ಣಕರುಳಿನ ಗೋಡೆಯಿಂದ ನೇರ ಪಿತ್ತಕೋಶಕ್ಕೆ ಕೊರೆಯುತ್ತಾರೆ. ಅಲ್ಲಿ ಕೂರುವ ಸ್ಟೆಂಟ್ ಡಮರುವಿನ ಹಾಗೆ. ನಡು ಸಪೂರ, ಎರಡೂ ತುದಿ ಅಗಲ. ಅಂಗಿಯ ಎರಡು ಪದರವನ್ನು ಒತ್ತಿ ಹಿಡಿವ ಟಿಚ್‌ಬಟನ್ ಹಾಗೂ ಅನ್ನಬಹುದು. ಎರಡು ಗೋಡೆಗಳನ್ನೂ ಅದು ಅಪ್ಪಿಸಿ ಇಡುತ್ತದೆ, ನಡುವಿನ ತೂತಿನಿಂದ ರಸ ಕರುಳಿಗೆ ಹರಿಯುತ್ತದೆ. ಹೊರಗೆ ಚೀಲವಿಲ್ಲ. 2020ರಲ್ಲಿ ಪ್ರಕಟವಾದ 80 ರೋಗಿಗಳ ಹೋಲಿಕೆಯಲ್ಲಿ ಒಂದು ವರ್ಷದೊಳಗೆ ತೊಡಕು ಕಂಡವರು ಇದರಲ್ಲಿ ಸುಮಾರು ಶೇ 26, ಚರ್ಮದ ಕೊಳವೆಯಲ್ಲಿ ಶೇ 77. ಮುಂದೆ ಆಪರೇಷನ್ ಮಾಡಿಸುವವರಿಗೆ ಮಾತ್ರ ಚರ್ಮದ ದಾರಿಯೇ ವಾಸಿ, ಡಮರು ಅಂಟಿಸಿದ್ದನ್ನು ಬಿಡಿಸುವುದು ಸರ್ಜನ್‌ಗೆ ತೊಂದರೆ. ಆಪರೇಷನ್ ಸಾಧ್ಯವೇ ಇಲ್ಲದವರಿಗೆ ಕೆಲವು ವಾರ ಬಿಟ್ಟು ಅದೇ ತೂತಿನಿಂದ ದುರ್ಬೀನು ತೂರಿಸಿ, ಕಲ್ಲು ಒಡೆದು ಹೊರಗೆ ಎಳೆಯಬಹುದು.