ಜೀನ್ ಸಿಗಲಿಲ್ಲವೆಂದರೆ ಕಳೆದುಹೋಗಿದೆ ಎಂದೇ ಅರ್ಥವೇ?

ಪ್ರಶ್ನೆ: ಕಳಿತ ಬಾಳೆಹಣ್ಣಿಗೆ ಮುತ್ತುವ ಪುಟ್ಟ ನೊಣ ಡ್ರೊಸೊಫಿಲಾ ಮೆಲನೊಗ್ಯಾಸ್ಟರ್‌ನ ಒಂದು ಜೀನನ್ನು ಅದರ ಸಂಬಂಧಿ ಪ್ರಭೇದಗಳ ಜೀನೋಮ್‌ಗಳಲ್ಲಿ, ಅಂದರೆ ಅವುಗಳ ಇಡೀ ಡಿಎನ್‌ಎ ಬರಹದಲ್ಲಿ, ಹುಡುಕಿದೆ. ಕೆಲವದರಲ್ಲಿ ಸಿಕ್ಕಿತು, ಕೆಲವದರಲ್ಲಿ ಸಿಗಲಿಲ್ಲ. ಅಲ್ಲಿ ಆ ಜೀನ್ ಕಳೆದುಹೋಗಿದೆ ಎಂದು ಬರೆಯಬಹುದೇ?

ಉತ್ತರ: ಅವಸರ ಬೇಡ. ನೀವು ಹುಡುಕಿದ್ದು ಡಿಎನ್‌ಎ ಅಕ್ಷರಗಳನ್ನೋ, ಪ್ರೋಟೀನನ್ನೋ? ಪ್ರೋಟೀನಿನ ಇಟ್ಟಿಗೆಯಾದ ಅಮೈನೊ ಆಮ್ಲವನ್ನು ಸೂಚಿಸುವ ಮೂರು ಡಿಎನ್‌ಎ ಅಕ್ಷರಗಳಲ್ಲಿ ಕೊನೆಯದು ಬದಲಾದರೂ ಅನೇಕ ಸಲ ಅದೇ ಅಮೈನೊ ಆಮ್ಲ ಬರುತ್ತದೆ. ಹಾಗಾಗಿ ವಿರಿಲಿಸ್‌ನಂತಹ ದೂರದ ದಾಯಾದಿಯಲ್ಲಿ ಡಿಎನ್‌ಎ ಹೋಲಿಕೆ ಮಸುಕಾಗಿದ್ದರೂ ಪ್ರೋಟೀನ್ ಹೋಲಿಕೆ ಉಳಿದಿರುತ್ತದೆ. ಮೊದಲು ಪ್ರೋಟೀನ್ ಹಿಡಿದು ಹುಡುಕಿ.

ಎಲ್ಲ ಜೀನ್‌ಗಳೂ ಒಂದೇ ವೇಗದಲ್ಲಿ ಬದಲಾಗುವುದಿಲ್ಲ. ಕಣ್ಣನ್ನು ರೂಪಿಸುವ ಐಲೆಸ್ ಜೀನ್ ಎಷ್ಟು ಗಟ್ಟಿಯೆಂದರೆ, ಅದರ ಇಲಿಯ ರೂಪವನ್ನು ನೊಣದಲ್ಲಿ ಚಾಲನೆಗೊಳಿಸಿದಾಗಲೂ ಕಣ್ಣು ಮೂಡಿತು. ಮೂಡಿದ್ದು ನೊಣದ ಕಣ್ಣೇ ಎನ್ನಿ. ಅದು 1995ರ ಪ್ರಯೋಗ. ಲಿಂಗ ನಿರ್ಧಾರದ ಟ್ರಾನ್ಸ್‌ಫಾರ್ಮರ್ ಜೀನ್ ಇದಕ್ಕೆ ತದ್ವಿರುದ್ಧ. ನೊಣಗಳ ನಡುವೆಯೇ ಅದರ ಗುರುತು ಹಿಡಿಯುವುದು ಕಷ್ಟ. ಆದರೂ ವಿರಿಲಿಸ್‌ನ ಟ್ರಾನ್ಸ್‌ಫಾರ್ಮರ್ ಮೆಲನೊಗ್ಯಾಸ್ಟರ್‌ನಲ್ಲಿ ಒಂದು ಮಟ್ಟಿಗೆ ಕೆಲಸ ಮಾಡುತ್ತದೆ.

ಇಂತಹ ಜೀನ್‌ಗಾಗಿ ನೆರೆಹೊರೆಯನ್ನು ವಿಚಾರಿಸಬೇಕು. ಮೆಲನೊಗ್ಯಾಸ್ಟರ್‌ನಲ್ಲಿ ಅದರ ಎಡಬಲಕ್ಕಿರುವ ಜೀನ್‌ಗಳು ಯಾವುವು? ಇನ್ನೊಂದು ಪ್ರಭೇದದಲ್ಲಿ ಆ ಎರಡೂ ಅಕ್ಕಪಕ್ಕದಲ್ಲಿದ್ದು ನಡುವಿನ ಜಾಗ ಖಾಲಿಯಿದ್ದರೆ ನಿಮ್ಮ ವಾದಕ್ಕೆ ಬಲ ಬರುತ್ತದೆ. ಜೀನೋಮನ್ನು ತುಣುಕುಗಳಾಗಿ ಓದಿ ಜೋಡಿಸಲಾಗುತ್ತದೆ; ಆ ಭಾಗದ ಓದೇ ತುಂಡಾಗಿದ್ದರೆ ಬಲ ಬರುವುದಿಲ್ಲ. ವೈ ವರ್ಣತಂತುವಿನ ಜೀನ್‌ಗಳಲ್ಲಂತೂ ಇದು ನಿತ್ಯದ ತಲೆನೋವು. ಪುನರಾವರ್ತನೆಗಳಿಂದ ತುಂಬಿದ ಆ ವರ್ಣತಂತುವನ್ನು ಜೋಡಿಸುವುದೇ ದುಸ್ತರ. ಕೆಲವೊಮ್ಮೆ ಜೀನ್ ಮನೆಯನ್ನೇ ಬದಲಿಸಿರುತ್ತದೆ. ಮೆಲನೊಗ್ಯಾಸ್ಟರ್‌ನ ವೈ ಮೇಲಿರುವ ಹಲವು ಜೀನ್‌ಗಳು ಸ್ಯೂಡೊಆಬ್ಸ್ಕ್ಯೂರಾ ಎಂಬ ಸಂಬಂಧಿ ಪ್ರಭೇದದಲ್ಲಿ ಲಿಂಗಕ್ಕೆ ಸಂಬಂಧಿಸದ ವರ್ಣತಂತುವಿನಲ್ಲಿ ಸಿಕ್ಕಿವೆ. ಅಲ್ಲಿ ವೈಯನ್ನಷ್ಟೇ ಜಾಲಾಡಿದವರಿಗೆ ಸಿಗುವುದು ಬರಿಗೈ.

ಹಾಗೆಂದು ನಿಜವಾದ ನಷ್ಟಗಳು ಇಲ್ಲವೆಂದಲ್ಲ. ಸೇಶೆಲ್ಸ್ ದ್ವೀಪಗಳ ಸೆಚೆಲಿಯಾ ನೊಣ ನೋನಿ ಹಣ್ಣಿಗೆ ಅಂಟಿಕೊಂಡಿದೆ. ಆ ಹಣ್ಣಿನ ಆಮ್ಲ ಅದರ ಸಂಬಂಧಿಗಳಿಗೆ ವಿಷ, ಇದಕ್ಕೆ ಮಾತ್ರ ಊಟ. ಒಂದೇ ಹಣ್ಣನ್ನು ನಂಬಿದ ಮೇಲೆ ನೂರೆಂಟು ವಾಸನೆಗಳ ಗೊಡವೆ ಏಕೆ? ವಾಸನೆ ಮತ್ತು ರುಚಿ ಗ್ರಹಿಸುವ ಜೀನ್‌ಗಳನ್ನು ಅದು ತನ್ನ ಸೋದರ ಪ್ರಭೇದ ಸಿಮ್ಯುಲನ್ಸ್‌ಗಿಂತ ಸುಮಾರು ಹತ್ತು ಪಟ್ಟು ವೇಗದಲ್ಲಿ ಕಳೆದುಕೊಂಡಿದೆ ಎಂದು 2007ರಲ್ಲಿ ಲೆಕ್ಕ ಹಾಕಲಾಯಿತು. ನಡುವೆ ಪ್ರೋಟೀನ್ ತಯಾರಿಕೆಯನ್ನು ಅಕಾಲದಲ್ಲಿ ನಿಲ್ಲಿಸುವ ‘ನಿಲ್ಲು’ ಸಂಕೇತ ಬಂದು ಕೆಟ್ಟುಹೋದ ಜೀನ್‌ಗಳು ಇಂತಹ ಲೆಕ್ಕದಲ್ಲಿ ನಷ್ಟದ ಖಾತೆಗೇ ಸೇರುತ್ತವೆ.

ಆದರೆ ಅದೇ ಸೆಚೆಲಿಯಾದಲ್ಲಿ ಐಆರ್75ಎ ಎಂಬ ಜೀನ್ ಇದೆ. ಅದರ ನಡುವೆಯೂ ‘ನಿಲ್ಲು’ ಸಂಕೇತವಿರುವುದರಿಂದ ಸತ್ತ ಜೀನ್ ಎಂದೇ ಎಣಿಸಲಾಗಿತ್ತು. 2016ರಲ್ಲಿ ಪರೀಕ್ಷಿಸಿದಾಗ, ನೊಣದ ನರಕೋಶಗಳು ಆ ಸಂಕೇತವನ್ನು ದಾಟಿ ಮುಂದೆ ಓದಿ ಪೂರ್ಣ ಪ್ರೋಟೀನ್ ತಯಾರಿಸುತ್ತಿದ್ದವು. ಅಸಿಟಿಕ್ ಆಮ್ಲದ ವಾಸನೆ ಹಿಡಿಯುವುದನ್ನು ಅದು ಬಿಟ್ಟಿತ್ತು, ಬೇರೆ ಆಮ್ಲಗಳ ವಾಸನೆಯನ್ನು ಹಿಡಿಯುತ್ತಿತ್ತು. ಹಾಗಾಗಿ ಸದ್ಯಕ್ಕೆ ನಿಮ್ಮ ವರದಿಯಲ್ಲಿ ‘ಈ ಜೀನೋಮ್ ಜೋಡಣೆಯಲ್ಲಿ ಕಂಡುಬಂದಿಲ್ಲ’ ಎಂದು ಬರೆಯಿರಿ.