ಮಂಗಳವಾರ ಕೈಬಿಟ್ಟ ಲೈನ್‌ಮನ್‌ನನ್ನು ಬುಧವಾರ ವಾಪಸ್ ಕರೆಯುವುದೇಕೆ?

ಪ್ರಶ್ನೆ: ಅಮೆರಿಕನ್ ಫುಟ್‌ಬಾಲ್‌ನ ಎನ್‌ಎಫ್‌ಎಲ್ ಲೀಗ್‌ನ ಸುದ್ದಿಯಲ್ಲಿ ಕೆಲವು ಲೈನ್‌ಮನ್‌ಗಳ, ಅಂದರೆ ಮುಂಚೂಣಿಯಲ್ಲಿ ನಿಂತು ಎದುರಾಳಿಯನ್ನು ತಡೆಯುವವರ, ಹೆಸರು ಒಂದೇ ವರ್ಷ ಮೂರು ತಂಡಗಳ ಜೊತೆ ಕಾಣಿಸುತ್ತದೆ. ಮಂಗಳವಾರ ತಂಡದಿಂದ ಹೊರಗೆ, ಬುಧವಾರ ಅದೇ ತಂಡಕ್ಕೆ ವಾಪಸ್. ಆಟ ಚೆನ್ನಾಗಿದ್ದರೆ ಬಿಡುವುದೇಕೆ, ಇಲ್ಲದಿದ್ದರೆ ಮತ್ತೆ ಕರೆಯುವುದೇಕೆ? ಇಂಥ ಆಟಗಾರರ ಬದುಕು ನಡೆಯುವುದಾದರೂ ಹೇಗೆ?

ಉತ್ತರ: ಬಿಡುವುದಕ್ಕೂ ಕರೆಯುವುದಕ್ಕೂ ಬಹಳ ಸಲ ಕಾರಣ ಆಟವಲ್ಲ, ತಲೆ ಎಣಿಕೆ. ಆ ಎಣಿಕೆ ಗೊತ್ತಾದರೆ ಈ ಓಡಾಟವೆಲ್ಲ ಅರ್ಥವಾಗುತ್ತದೆ.

ಬೇಸಿಗೆಯಲ್ಲಿ ಪ್ರತಿ ತಂಡ 90 ಆಟಗಾರರನ್ನು ಇಟ್ಟುಕೊಳ್ಳಬಹುದು. ಆಗಸ್ಟ್ ಕೊನೆಯ ಒಂದು ಮಂಗಳವಾರ ಆ ಪಟ್ಟಿ 53ಕ್ಕೆ ಇಳಿಯಲೇಬೇಕು. ಈ 53ರಲ್ಲಿ ಆಫೆನ್ಸಿವ್ ಲೈನ್‌ಗೆ, ಅಂದರೆ ಚೆಂಡು ತಮ್ಮ ತಂಡದ ಕೈಯಲ್ಲಿದ್ದಾಗ ಮುಂದೆ ನಿಲ್ಲುವ ಸಾಲಿಗೆ, ಸಿಗುವುದು ಸಾಮಾನ್ಯವಾಗಿ ಎಂಟರಿಂದ ಹತ್ತು ಸ್ಥಾನ. ಮೈದಾನದಲ್ಲಿ ನಿಲ್ಲುವವರು ಐವರು: ನಡುವೆ ಸೆಂಟರ್, ಅವನ ಎರಡು ಬದಿಗೆ ಗಾರ್ಡ್‌ಗಳು, ಎರಡು ಅಂಚಿಗೆ ಟ್ಯಾಕಲ್‌ಗಳು. ಮಿಕ್ಕವರು ಕಾಯುವವರು. ಲೀಗ್ ಮತ್ತು ಆಟಗಾರರ ಸಂಘದ ನಡುವಿನ 2020ರ ಒಪ್ಪಂದ ಈ ಕಾಯುವವರಿಗೆ ದೊಡ್ಡ ಉಪಕಾರ ಮಾಡಿತು. ಪಂದ್ಯದ ದಿನ ತಂಡಕ್ಕೆ 47 ಮಂದಿಯನ್ನು ಅಂಗಿ ತೊಡಿಸಿ ಇಳಿಸುವ ಅವಕಾಶವಿದೆ. ಅವರಲ್ಲಿ ಎಂಟು ಮಂದಿ ಆಫೆನ್ಸಿವ್ ಲೈನ್‌ಮನ್‌ಗಳಿದ್ದರೆ 48ನೆಯವನೂ ಸಿಗುತ್ತಾನೆ. ಎಂಟನೆಯ ಲೈನ್‌ಮನ್‌ಗೆ ಲೀಗ್‌ನ ನಿಯಮವೇ ಒಂದು ಕುರ್ಚಿ ಹಾಕಿಕೊಟ್ಟಿತು.

ಇನ್ನು ಆ ಮಂಗಳವಾರ-ಬುಧವಾರದ ಮಾತು. ಗಾಯಾಳು ಪಟ್ಟಿಗೆ ಹೋದ ಆಟಗಾರ ಅದೇ ಋತುವಿನಲ್ಲಿ ಮರಳಬೇಕಾದರೆ, ಮೊದಲು 53ರ ಪಟ್ಟಿಯಲ್ಲಿ ಅವನ ಹೆಸರು ಇರಬೇಕು. ಇಬ್ಬರಿಗಷ್ಟೇ ವಿನಾಯಿತಿ ಇದೆ, ಅದೂ 2024ರಿಂದ ಈಚೆಗೆ. ಹಾಗಾಗಿ ಮೊಣಕಾಲು ನೋವಿರುವ ಯುವ ಆಟಗಾರನಿಗಾಗಿ ಒಂದು ದಿನದ ಮಟ್ಟಿಗೆ ಜಾಗ ಬೇಕು. ಯಾರನ್ನು ಬಿಡುವುದು? ನಾಲ್ಕು ಋತು ಪೂರೈಸದವರನ್ನು ಬಿಟ್ಟರೆ ಅವರು 'ವೇವರ್'ಗೆ ಹೋಗುತ್ತಾರೆ, 24 ಗಂಟೆಯೊಳಗೆ ಬೇರೆ ಯಾವ ತಂಡವಾದರೂ ಎತ್ತಿಕೊಳ್ಳಬಹುದು. ನಾಲ್ಕು ಋತು ಮುಗಿಸಿದ ಹಳಬನಿಗೆ ಆ ಸಮಯದಲ್ಲಿ ವೇವರ್ ಇಲ್ಲ, ತಾನು ಒಪ್ಪಿದ ತಂಡಕ್ಕೆ ಹೋಗಲು ಅವನು ಸ್ವತಂತ್ರ. "ಒಂದು ದಿನ ತಡೆದುಕೊಳ್ಳಿ, ನಾಳೆ ಸಹಿ ಹಾಕಿಸುತ್ತೇವೆ" ಎಂದು ಮ್ಯಾನೇಜರ್ ಅವನ ಏಜೆಂಟ್‌ಗೆ ಹೇಳಿಡುತ್ತಾರೆ. ಮರುದಿನ ಗಾಯಾಳು ಪಟ್ಟಿ ಸೇರಿದವನ ಜಾಗಕ್ಕೆ ಹಳಬ ವಾಪಸ್. ಇದು ಬಾಯಿಮಾತಿನ ಒಪ್ಪಂದ ಮಾತ್ರ. ಅಷ್ಟರಲ್ಲಿ ಬೇರೆ ತಂಡ ಹೆಚ್ಚು ಕೊಟ್ಟರೆ ಅವನು ಹೊರಟುಬಿಡಬಹುದು, ಒಳ್ಳೆಯವನೊಬ್ಬ ಮಾರುಕಟ್ಟೆಗೆ ಬಂದರೆ ತಂಡವೂ ಮಾತು ಮರೆಯಬಹುದು.

ಮೊದಲ ಪಂದ್ಯದ ಸುತ್ತ ಇನ್ನೊಂದು ಲೆಕ್ಕವಿದೆ. ನಾಲ್ಕು ಋತು ಪೂರೈಸಿದವನು ಅಂದು ಪಟ್ಟಿಯಲ್ಲಿದ್ದರೆ, ಆಮೇಲೆ ಕೈಬಿಟ್ಟರೂ ಆ ವರ್ಷದ ಉಳಿದ ಮೂಲ ಸಂಬಳ ಕೇಳುವ ಹಕ್ಕು ಅವನಿಗಿದೆ. ಈ ಹಕ್ಕನ್ನು ವೃತ್ತಿಜೀವನದಲ್ಲಿ ಒಮ್ಮೆ ಮಾತ್ರ ಬಳಸಬಹುದು. ಎರಡನೇ ವಾರದಲ್ಲಿ ಇದ್ದಕ್ಕಿದ್ದಂತೆ ಅಷ್ಟೊಂದು ಹಳಬರಿಗೆ ಕರೆ ಬರುವುದಕ್ಕೆ ಇದೂ ಒಂದು ಕಾರಣ.

ಆದರೆ ಲೆಕ್ಕ ಹೇಳುವುದು ಜಾಗ ಇದೆ ಎಂಬುದನ್ನು ಮಾತ್ರ. ಆ ಜಾಗಕ್ಕೆ ಇವನೇ ಏಕೆ ಎಂಬುದು ಕಸುಬಿನ ವಿಷಯ, ನಮ್ಮ ಮಟ್ಟಿಗೆ ಇಡೀ ಕಥೆಯಲ್ಲಿ ಮುಖ್ಯವಾದದ್ದು ಇದೇ.

ಬೆಂಚಿನಲ್ಲಿರುವ ಮೂವರು ಐದು ಸ್ಥಾನಗಳನ್ನು ಕಾಯಬೇಕು. ಒಬ್ಬ ಎಡ-ಬಲ ಎರಡೂ ಅಂಚಿನಲ್ಲಿ ಟ್ಯಾಕಲ್ ಆಡಬಲ್ಲವನು, ಇನ್ನೊಬ್ಬ ಗಾರ್ಡ್ ಮತ್ತು ಸೆಂಟರ್ ಎರಡೂ ಆಗಬಲ್ಲವನು. ಹೇಳಲು ಸುಲಭ. ಎಡ ಟ್ಯಾಕಲ್ ಸಾಮಾನ್ಯವಾಗಿ ಎಡಗಾಲು ಹಿಂದಿಟ್ಟು ನಿಲ್ಲುತ್ತಾನೆ. ಚೆಂಡು ಕದಲಿದ ತಕ್ಷಣ ಬಲಗಾಲಿನಿಂದ ನೆಲ ಒತ್ತಿ, ಎಡಗಾಲನ್ನು ಹಿಂದಕ್ಕೆ ಸರಿಸುತ್ತ ಹಿಮ್ಮುಖವಾಗಿ ಜಾರುತ್ತಾನೆ. ಹೊರಗಾಲಿನ ಹೆಜ್ಜೆ ಅಗಲವಾದರೆ ಸೊಂಟ ಹೊರಮುಖವಾಗಿ ತೆರೆದುಕೊಳ್ಳುತ್ತದೆ, ಎದುರಾಳಿ ಒಳಗಿನಿಂದ ನುಗ್ಗುತ್ತಾನೆ. ಹೆಜ್ಜೆ ಚಿಕ್ಕದಾದರೆ ಅವನು ಹೊರಗಿನಿಂದ ಬಳಸಿಕೊಂಡು, ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್‌ನ ಬೆನ್ನಿಗೆ ಬೀಳುತ್ತಾನೆ. ಬಲ ಅಂಚಿಗೆ ಹೋದ ಕೂಡಲೇ ಕಾಲು, ಕೈ, ಮೈಯ ಭಾರ ಎಲ್ಲವೂ ಅದಲುಬದಲು. ಸುಮಾರು 140 ಕಿಲೋ ತೂಕದ ದೇಹಕ್ಕೆ ವರ್ಷಗಟ್ಟಲೆ ರೂಢಿಯಾದದ್ದನ್ನು ಅರ್ಧ ಪಂದ್ಯದಲ್ಲಿ ತಿರುಗಿಸಬೇಕು.

ಸೆಂಟರ್ ಕೆಲಸ ಇನ್ನೂ ಸೂಕ್ಷ್ಮ. ಕ್ವಾರ್ಟರ್‌ಬ್ಯಾಕ್ ಸುಮಾರು ನಾಲ್ಕೂವರೆ ಮೀಟರ್ ಹಿಂದೆ ನಿಂತಿರುತ್ತಾನೆ. ಕಾಲುಗಳ ನಡುವಿನಿಂದ ಒಂದೇ ಕೈಯಲ್ಲಿ ಚೆಂಡನ್ನು ಅವನ ಎದೆಮಟ್ಟಕ್ಕೆ ಕಳಿಸಬೇಕು, ಆ ಕ್ಷಣದಲ್ಲೇ ಎದುರಿನವನ ಡಿಕ್ಕಿ ತಡೆಯಬೇಕು. ಡಿಕ್ಕಿಯ ಆತುರದಲ್ಲಿ ಎದೆ ಮೊದಲೇ ಎತ್ತಿದರೆ ಚೆಂಡು ತಲೆಯ ಮೇಲೆ ಹಾರುತ್ತದೆ. ಎದುರಾಳಿಯ ಊರಿನ ಗದ್ದಲದಲ್ಲಿ ಕ್ವಾರ್ಟರ್‌ಬ್ಯಾಕ್‌ನ ಕೂಗು ಕೇಳುವುದಿಲ್ಲ. ಪಕ್ಕದ ಗಾರ್ಡ್ ಸೆಂಟರ್‌ನ ತೊಡೆ ತಟ್ಟುತ್ತಾನೆ, ಸೆಂಟರ್ ಒಂದು ಕ್ಷಣ ತಡೆದು ಚೆಂಡು ಬಿಡುತ್ತಾನೆ. ಈ ತಡೆ ಎಷ್ಟು ಎಂಬುದು ಐವರಿಗೂ ಒಂದೇ ಅಂದಾಜಿನಲ್ಲಿರಬೇಕು. ಒಬ್ಬ ಮೊದಲೇ ಕದಲಿದರೆ ಐದು ಗಜದ ದಂಡ.

ಇದನ್ನೆಲ್ಲ ಅಭ್ಯಾಸ ಮಾಡಲು ಹೊತ್ತಾದರೂ ಎಲ್ಲಿದೆ? 17 ಪಂದ್ಯಗಳ ಋತುವಿನಲ್ಲಿ ಪ್ಯಾಡ್ ಕಟ್ಟಿಕೊಂಡು ಅಭ್ಯಾಸ ನಡೆಸಲು ಲೀಗ್ ಬಿಡುವುದು 14 ಸಲ ಮಾತ್ರ. ಅದರಲ್ಲಿ ಹೆಚ್ಚಿನ ಸರದಿ ಆಡುವ ಐವರಿಗೇ. ಅಭ್ಯಾಸವಿಲ್ಲದೆಯೂ ಆಡಬಲ್ಲವನು ಬೇಕು, ಅಂಥವನು ಹಳಬನೇ. ಯುವಕನ ತೋಳಿನಲ್ಲಿ ಶಕ್ತಿ ಹೆಚ್ಚಿರಬಹುದು, ಆದರೆ ಎದುರಾಳಿ ಜಾಗ ಬದಲಿಸಿದಾಗ ಯಾರು ಯಾರನ್ನು ಹಿಡಿಯಬೇಕೆಂಬುದು ಹಳಬನಿಗೆ ಕೇಳದೆಯೇ ತಿಳಿಯುತ್ತದೆ.

ಮೈಕ್ ರೆಮ್ಮರ್ಸ್ ಅವರನ್ನೇ ನೋಡಿ. ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ, 2012ರಲ್ಲಿ, ಅವರನ್ನು ಯಾವ ತಂಡವೂ ಆರಿಸಲಿಲ್ಲ. ಡೆನ್ವರ್, ಟ್ಯಾಂಪಾ ಬೇ, ಸ್ಯಾನ್ ಡಿಯಾಗೋ, ಮಿನೆಸೋಟಾ, ಸೇಂಟ್ ಲೂಯಿಸ್ ಎಂದು ಐದು ಊರು ಸುತ್ತಿದರು. 2014ರ ಅಕ್ಟೋಬರ್‌ನಲ್ಲಿ ಸೇಂಟ್ ಲೂಯಿಸ್‌ನ ಪ್ರಾಕ್ಟೀಸ್ ಸ್ಕ್ವಾಡ್‌ನಿಂದ (53ರ ಹೊರಗಿದ್ದು ತಂಡದ ಜೊತೆ ಅಭ್ಯಾಸ ಮಾಡುವವರ ಗುಂಪು) ಕ್ಯಾರೊಲೈನಾ ಅವರನ್ನು ಕರೆದುಕೊಂಡಿತು. ಆ ಋತು ಮುಗಿಯುವಷ್ಟರಲ್ಲಿ ರೈಟ್ ಟ್ಯಾಕಲ್ ಸ್ಥಾನ ಅವರದಾಗಿತ್ತು. 2016ರ ಫೆಬ್ರುವರಿಯ 50ನೇ ಸೂಪರ್ ಬೌಲ್‌ನಲ್ಲಿ, ಅಂದರೆ ಲೀಗ್‌ನ ಫೈನಲ್‌ನಲ್ಲಿ, ಡೆನ್ವರ್‌ನ ವಾನ್ ಮಿಲ್ಲರ್ ಅವರೆದುರು ರೆಮ್ಮರ್ಸ್ ಅವರಿಗೆ ಕೆಟ್ಟ ದಿನ ಬಂತು. ಕ್ಯಾರೊಲೈನಾ 24–10ರಲ್ಲಿ ಸೋತಿತು. ಆ ಒಂದು ದಿನವನ್ನಷ್ಟೇ ನೋಡಿದವರು ವೃತ್ತಿಜೀವನ ಮುಗಿಯಿತು ಎನ್ನುತ್ತಿದ್ದರು. ತಂಡಗಳು ಹಾಗೆ ನೋಡಲಿಲ್ಲ. ಮುಂದಿನ ಋತುವಿನಲ್ಲಿ ಅವರು ಎಡ ಟ್ಯಾಕಲ್ ಆಡಿದರು, 2017ರಲ್ಲಿ ಮಿನೆಸೋಟಾ ಐದು ವರ್ಷದ ಕರಾರು ಕೊಟ್ಟಿತು, 2018ರಲ್ಲಿ ಅದೇ ತಂಡ ಬಲ ಗಾರ್ಡ್ ಆಗಿ ನಿಲ್ಲಿಸಿತು. 2019ರಲ್ಲಿ ನ್ಯೂಯಾರ್ಕ್ ಜೈಂಟ್ಸ್. 2020ರಲ್ಲಿ ಕ್ಯಾನ್ಸಸ್ ಸಿಟಿಗೆ ಬದಲಿ ಆಟಗಾರನಾಗಿ ಹೋದರು. ಎರಡೂ ಟ್ಯಾಕಲ್‌ಗಳು ಗಾಯಗೊಂಡಾಗ 55ನೇ ಸೂಪರ್ ಬೌಲ್‌ನಲ್ಲಿ ಎಡ ಅಂಚಿಗೆ ನಿಂತವರು ಅವರೇ. ಆ ದಿನ ಐದರಲ್ಲಿ ಹೆಚ್ಚಿನ ಸ್ಥಾನಗಳಲ್ಲಿ ಬದಲಿಯವರೇ ಇದ್ದರು, ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಉದ್ದಕ್ಕೂ ಓಡುತ್ತಲೇ ಇದ್ದರು, ಟ್ಯಾಂಪಾ ಬೇ 31–9ರಲ್ಲಿ ಗೆದ್ದಿತು. ಒಳ್ಳೆಯ ಬದಲಿ ಲೈನ್‌ಮನ್ ಒಂದು ಜಾಗವನ್ನು ತುಂಬಬಲ್ಲ, ಇಡೀ ಸಾಲನ್ನು ಕಟ್ಟಲಾರ. ಅದನ್ನು ಅವನ ತಪ್ಪೆನ್ನುವುದು ಅನ್ಯಾಯ.

ಈಗ ಸಂಬಳ. 2025ರಲ್ಲಿ 53ರ ಪಟ್ಟಿಯ ಹೊಸಬನ ಕನಿಷ್ಠ ಸಂಬಳ 8,40,000 ಡಾಲರ್, ಏಳು ಋತು ದಾಟಿದವನದು 12,55,000. ಇದು 18 ವಾರಗಳ ಲೆಕ್ಕ, ಪಟ್ಟಿಯಲ್ಲಿದ್ದಷ್ಟು ವಾರದ ಪಾಲು ಮಾತ್ರ ಕೈಗೆ. ಅಂದರೆ ಹೊಸಬನಿಗೆ ವಾರಕ್ಕೆ ಸುಮಾರು 46,700 ಡಾಲರ್. ಅದೇ ವರ್ಷ ಪ್ರಾಕ್ಟೀಸ್ ಸ್ಕ್ವಾಡ್‌ನಲ್ಲಿ ಅದು 13,000ಕ್ಕೆ ಇಳಿಯುತ್ತಿತ್ತು. ಹಳಬರಿಗೆ 17,500ರಿಂದ 22,000. ಅಲ್ಲಿಂದ ಒಬ್ಬನನ್ನು ಪಂದ್ಯಕ್ಕೆಂದು ಋತುವಿನಲ್ಲಿ ಮೂರು ಸಲ ಮೇಲೆತ್ತಬಹುದು, ಮತ್ತೂ ಬೇಕಾದರೆ 53ಕ್ಕೆ ಸೇರಿಸಬೇಕು. ಬೇರೆ ತಂಡದ ಸ್ಕ್ವಾಡ್‌ನಿಂದ ಕರೆದುಕೊಂಡರೆ ಮೂರು ವಾರದ ಸಂಬಳ ಖಾತ್ರಿ.

ಹಳಬ ದುಬಾರಿಯಾದರೆ ತಂಡಗಳು ಯುವಕರನ್ನೇ ಹಿಡಿಯುತ್ತಿದ್ದವು. ಹಾಗಾಗದಂತೆ ಒಂದು ಒಳ್ಳೆಯ ನಿಯಮವಿದೆ: ನಾಲ್ಕು ಋತು ದಾಟಿದವನಿಗೆ ಒಂದು ವರ್ಷದ ಕನಿಷ್ಠ ಸಂಬಳದ ಕರಾರು ಕೊಟ್ಟರೆ, ತಂಡದ ವೇತನ ಮಿತಿಗೆ ಎರಡು ವರ್ಷದ ಅನುಭವಿಯ ಮೊತ್ತವಷ್ಟೇ ಸೇರುತ್ತದೆ. 2025ರಲ್ಲಿ 12,55,000 ಪಡೆಯುವವನು ಲೆಕ್ಕದಲ್ಲಿ 10,30,000.

ಕೆಲಸವಿಲ್ಲದ ವಾರಗಳೂ ಬಿಡುವಲ್ಲ. ಭಾನುವಾರ ಎಲ್ಲೋ ಒಬ್ಬನ ಪಾದ ಮುರಿಯುತ್ತದೆ, ಸೋಮವಾರ ಏಜೆಂಟ್‌ನ ಫೋನ್, ಮಂಗಳವಾರ ವೈದ್ಯಕೀಯ ತಪಾಸಣೆ ಮತ್ತು ಕಸರತ್ತು, ಬುಧವಾರ ಹೊಸ ತಂಡದ ಅಭ್ಯಾಸ. ಆದ್ದರಿಂದ ತೂಕ ಇಳಿಯಲು ಬಿಡುವಂತಿಲ್ಲ. ಹೊಸ ತಂಡದಲ್ಲಿ ರಕ್ಷಣೆಯ ತತ್ವ ಬಹುಪಾಲು ಹಳೆಯದೇ, ಹೆಸರುಗಳು ಮಾತ್ರ ಬೇರೆ. ಹಳೆ ತಂಡದ ಸಂಕೇತ ಪದ ಬಾಯಿಗೆ ಬಂದುಬಿಟ್ಟರೆ ಪಕ್ಕದ ಗಾರ್ಡ್ ಬೇರೆ ಕಡೆಗೆ ತಿರುಗುತ್ತಾನೆ, ನಡುವಿನಿಂದ ಒಬ್ಬ ಯಾರ ತಡೆಯೂ ಇಲ್ಲದೆ ನುಗ್ಗುತ್ತಾನೆ.

ಗಾಯವಾದರೆ ಕರಾರಿನ ಚಿಕ್ಕಕ್ಷರ ನೋಡಬೇಕು. ಕನಿಷ್ಠ ಸಂಬಳದ ಎಷ್ಟೋ ಕರಾರುಗಳಲ್ಲಿ, ಗಾಯಾಳು ಪಟ್ಟಿಗೆ ಹೋದರೆ ಸಂಬಳ ಕಡಿಮೆ ಎಂಬ ಷರತ್ತಿರುತ್ತದೆ. ಇನ್ನು ಕೆಲವರಿಗೆ ಇಷ್ಟು ವಾರದ ಸಂಬಳ ಎಂದು ಲೆಕ್ಕ ಚುಕ್ತಾ ಮಾಡಿ ಕಳಿಸುತ್ತಾರೆ. ಹಾಗಾಗಿ ಏಜೆಂಟ್ ಎರಡು ಸಂಖ್ಯೆಗಳ ಮೇಲೆ ಕಣ್ಣಿಟ್ಟಿರುತ್ತಾರೆ: ಮೂರು ಮತ್ತು ಆರು. ಪೂರ್ಣ ಸಂಬಳದ ಮೇಲೆ ಮೂರು ಪಂದ್ಯ ಕಳೆದರೆ ಆ ಋತು ಪಿಂಚಣಿಗೆ ಸೇರುತ್ತದೆ, ಅಂಥ ಮೂರು ಋತುಗಳಾದರೆ ಪಿಂಚಣಿಯ ಹಕ್ಕು ಬರುತ್ತದೆ. ಆರು ಪಂದ್ಯ ಕಳೆದರೆ ಸ್ವತಂತ್ರ ಆಟಗಾರನಾಗುವ ಲೆಕ್ಕಕ್ಕೆ ಒಂದು ವರ್ಷ ಜಮೆ. ಪ್ರಾಕ್ಟೀಸ್ ಸ್ಕ್ವಾಡ್‌ನ ವಾರಗಳು ಈ ಆರಕ್ಕೆ ಬರುವುದಿಲ್ಲ. ಐದು ಪಂದ್ಯ ಮುಗಿಸಿದ ಹೊತ್ತಿಗೆ ಕೈಬಿಟ್ಟರೆ ಒಂದು ವಾರದ ಸಂಬಳದ ಜೊತೆಗೆ ಒಂದಿಡೀ ವರ್ಷದ ಜಮೆಯೂ ಕೈತಪ್ಪುತ್ತದೆ.