ಅಣುಗಳ ಸಾಮ್ಯ ಹುಡುಕಾಟದಲ್ಲಿ ದೂರದ ಅಳತೆಗಳು: ಒಂದು ಅಧ್ಯಯನ ಟಿಪ್ಪಣಿ

ರಾಸಾಯನಿಕ ದತ್ತಸಂಚಯದಲ್ಲಿ ಒಂದು ಅಣುವನ್ನು ಹೋಲುವ ಇತರ ಅಣುಗಳನ್ನು ಹುಡುಕುವಾಗ ಕಂಪ್ಯೂಟರ್ ಪ್ರತಿಯೊಂದನ್ನೂ ಫಿಂಗರ್‌ಪ್ರಿಂಟ್ ಎಂಬ ಬಿಟ್‌ಗಳ ಸಾಲಾಗಿ ಬದಲಿಸಿಕೊಳ್ಳುತ್ತದೆ. ರಚನೆಯ ಒಂದು ತುಣುಕು ಇದ್ದಲ್ಲಿ 1, ಇಲ್ಲದಲ್ಲಿ 0. ಮ್ಯಾಕ್ಸ್ ಕೀಗಳು (MACCS) ಎಂಬ ಬಗೆಯಲ್ಲಿ ಇಂಥ 166 ತುಣುಕುಗಳು ಮೊದಲೇ ನಿಗದಿಯಾಗಿವೆ. ಮಾರ್ಗನ್ ಫಿಂಗರ್‌ಪ್ರಿಂಟ್‌ನಲ್ಲಿ ಅವು ಪ್ರತಿ ಪರಮಾಣುವಿನ ನೆರೆಹೊರೆಯಿಂದ ಹುಟ್ಟುತ್ತವೆ; ಎಷ್ಟು ಬಂಧಗಳ ದೂರದವರೆಗೆ ನೋಡಬೇಕೆಂಬುದೇ ಅದರ ತ್ರಿಜ್ಯ. ಅಳತೆಗಳ ಸೂತ್ರಗಳನ್ನು ಬಾಯಿಪಾಠ ಮಾಡುವುದಕ್ಕಿಂತ, ಅಣುವಿನ ಗಾತ್ರವನ್ನು ಯಾವ ಅಳತೆ ಹೇಗೆ ಎಣಿಸುತ್ತದೆ ಎಂಬುದನ್ನು ಹಿಡಿದುಕೊಂಡರೆ ಉಳಿದ ವ್ಯತ್ಯಾಸಗಳು ಬೇಗ ತಿಳಿಯುತ್ತವೆ.

ನಾವು ಕೊಟ್ಟ ಅಣುವಿನಲ್ಲಿ 40 ಬಿಟ್‌ಗಳು 1 ಆಗಿವೆ ಎಂದುಕೊಳ್ಳೋಣ. 'ಪ' ಎಂಬ ಸಣ್ಣ ಅಣುವಿನಲ್ಲಿ 15 ಇದ್ದು, ಆ 15ಕ್ಕೆ 15ನ್ನೂ ನಮ್ಮ ಅಣು ಹಂಚಿಕೊಂಡಿದೆ. 'ಬ' ಎಂಬ ದೊಡ್ಡ ಅಣುವಿನ 70ರಲ್ಲಿ 38ನ್ನು ಹಂಚಿಕೊಂಡಿದೆ. ಹ್ಯಾಮಿಂಗ್ ದೂರ ಭಿನ್ನವಾಗಿರುವ ಬಿಟ್‌ಗಳನ್ನಷ್ಟೇ ಎಣಿಸುವುದರಿಂದ 'ಪ'ಗೆ 25, 'ಬ'ಗೆ 34 ಬರುತ್ತದೆ, ಅಂದರೆ 'ಪ'ವೇ ಹತ್ತಿರ. ಟ್ಯಾನಿಮೋಟೊ ಗುಣಾಂಕವು ಸಮಾನ ಬಿಟ್‌ಗಳನ್ನು ಎರಡರಲ್ಲಿ ಯಾವುದಾದರೊಂದರಲ್ಲಿರುವ ಒಟ್ಟು ಬಿಟ್‌ಗಳಿಂದ ಭಾಗಿಸುತ್ತದೆ: 'ಪ'ಗೆ 15/40, ಅಂದರೆ 0.375, 'ಬ'ಗೆ 38/72, ಸುಮಾರು 0.53. ಕ್ರಮ ತಿರುಗಿತು. ಎರಡರಲ್ಲೂ ಇಲ್ಲದ ತುಣುಕುಗಳನ್ನು ಹ್ಯಾಮಿಂಗ್ ಸದ್ದಿಲ್ಲದೆ ಹೋಲಿಕೆಯ ಖಾತೆಗೆ ಸೇರಿಸುವುದರಿಂದ, ಬಿಟ್‌ಗಳೇ ಕಡಿಮೆಯಿರುವ ಸಣ್ಣ ಅಣುಗಳು ಅನರ್ಹವಾಗಿ ಮೇಲೇರುತ್ತವೆ. ಬಿಟ್‌ಗಳ ಮೇಲೆ ಯೂಕ್ಲಿಡ್ ದೂರ ಹ್ಯಾಮಿಂಗ್‌ನ ವರ್ಗಮೂಲವೇ ಆದ್ದರಿಂದ ಅದೇ ಕ್ರಮವನ್ನು ಕೊಡುತ್ತದೆ. 2015ರಲ್ಲಿ ಹಂಗೇರಿಯ ಸಂಶೋಧಕರು ಎಂಟು ಅಳತೆಗಳನ್ನು ಹೋಲಿಸಿ, ಟ್ಯಾನಿಮೋಟೊ, ಡೈಸ್, ಕೊಸೈನ್, ಸೋರ್ಗೆಲ್ ಇವನ್ನು ಉತ್ತಮವೆಂದರು. ಯೂಕ್ಲಿಡ್ ದೂರವನ್ನು ಒಂಟಿಯಾಗಿ ಬಳಸಲು ಶಿಫಾರಸು ಮಾಡಲಿಲ್ಲ.

ಡೈಸ್ ಗುಣಾಂಕ (ಸಮಾನ ಬಿಟ್‌ಗಳ ಇಮ್ಮಡಿಯನ್ನು ಎರಡೂ ಅಣುಗಳ ಬಿಟ್‌ಗಳ ಮೊತ್ತದಿಂದ ಭಾಗಿಸಿದ್ದು) ಟ್ಯಾನಿಮೋಟೊಗಿಂತ ದೊಡ್ಡ ಅಂಕಿ ಕೊಟ್ಟರೂ ಒಂದು ಏರಿದರೆ ಇನ್ನೊಂದೂ ಏರುವುದರಿಂದ ಪಟ್ಟಿಯ ಕ್ರಮ ಬದಲಾಗುವುದಿಲ್ಲ. ಗುಂಪು ಮಾಡುವಾಗ ಮಾತ್ರ ವ್ಯತ್ಯಾಸವಿದೆ: 1ರಿಂದ ಟ್ಯಾನಿಮೋಟೊವನ್ನು ಕಳೆದ ದೂರ ತ್ರಿಭುಜ ಅಸಮತೆಯನ್ನು (ನೇರದಾರಿ ಮೂರನೆಯದರ ಮೂಲಕ ಹೋಗುವ ಬಳಸುದಾರಿಗಿಂತ ಉದ್ದವಿರಬಾರದು ಎಂಬ ನಿಯಮವನ್ನು) ಪಾಲಿಸುತ್ತದೆ, ಡೈಸ್‌ನದು ಪಾಲಿಸುವುದಿಲ್ಲ. ಒಂದೊಂದೇ ಬೇರೆ ಬಿಟ್ ಇರುವ ಎರಡು ಅಣುಗಳ ದೂರ 1. ಆ ಎರಡೂ ಬಿಟ್ ಇರುವ ಮೂರನೆಯದಕ್ಕೆ ಡೈಸ್ ಪ್ರಕಾರ ಅವುಗಳಿಂದ ತಲಾ 1/3. ಬಳಸುದಾರಿಯೇ ನೇರದಾರಿಗಿಂತ ಗಿಡ್ಡವಾಯಿತು.

ಕೊಟ್ಟ ಅಣುವಿನಲ್ಲಿ ಮಾತ್ರ ಇರುವ ಬಿಟ್‌ಗಳಿಗೂ ಸಿಕ್ಕ ಅಣುವಿನಲ್ಲಿ ಮಾತ್ರ ಇರುವವಕ್ಕೂ ಬೇರೆ ಬೇರೆ ತೂಕವಿಡಲು ಬಿಡುವ ಟ್ವರ್ಸ್ಕಿ ಅಳತೆಗೆ ನಮ್ಮೂರಿನ ಉದಾಹರಣೆಯೇ ಇದೆ. ಮಂಗಳೂರಿನ ಕಾರ್ಖಾನೆಗಳಲ್ಲಿ ಸುಲಿಯುವ ಗೇರುಬೀಜದ ಸಿಪ್ಪೆಯ ಎಣ್ಣೆಯಲ್ಲಿರುವ ಅನಕಾರ್ಡಿಕ್ ಆಮ್ಲವೆಂದರೆ, ಸ್ಯಾಲಿಸಿಲಿಕ್ ಆಮ್ಲದ ಉಂಗುರಕ್ಕೆ 15 ಇಂಗಾಲಗಳ ಬಾಲ ಸೇರಿದ ರಚನೆ. ಸ್ಯಾಲಿಸಿಲಿಕ್ ಆಮ್ಲವನ್ನು ಕೊಟ್ಟು ಹುಡುಕಿದರೆ ಬಾಲದ ತುಣುಕುಗಳು ಟ್ಯಾನಿಮೋಟೊದ ಛೇದವನ್ನು ಹಿಗ್ಗಿಸಿ ಅಂಕವನ್ನು ಇಳಿಸುತ್ತವೆ. ಕೊಟ್ಟ ಅಣುವಿಗೆ 1, ಸಿಕ್ಕ ಅಣುವಿಗೆ 0 ತೂಕವಿಟ್ಟ ಟ್ವರ್ಸ್ಕಿಯಲ್ಲಿ, ಬಂಧಗಳ ದಾರಿಗಳನ್ನು ಆಧರಿಸಿದ ಫಿಂಗರ್‌ಪ್ರಿಂಟ್ ಬಳಸಿದರೆ, ಅಂಕ 1 ಆಗುತ್ತದೆ. ಮಾರ್ಗನ್‌ನಲ್ಲಿ ಬಾಲ ಅಂಟಿದ ಕಡೆಯ ನೆರೆಹೊರೆ ಬದಲಾಗಿರುವುದರಿಂದ ಅಷ್ಟು ಬಾರದು. ಇದೇ ಅಣು ಅಳತೆಗಳ ಮಿತಿಯನ್ನೂ ತೋರಿಸುತ್ತದೆ: ದ್ವಿಬಂಧವಿಲ್ಲದ ಬಾಲದಲ್ಲಿ 13 ಇಂಗಾಲವಿದ್ದರೂ 15 ಇದ್ದರೂ ತ್ರಿಜ್ಯ 2ರ ಮಾರ್ಗನ್ ಬಿಟ್‌ಗಳು ಒಂದೇ ಆಗಿರುವುದರಿಂದ ಯಾವ ಸೂತ್ರವೂ ಅವನ್ನು ಬೇರ್ಪಡಿಸಲಾರದು, ತುಣುಕು ಎಷ್ಟು ಸಲ ಬಂದಿದೆ ಎಂದು ಎಣಿಸುವ ಫಿಂಗರ್‌ಪ್ರಿಂಟ್ ಬೇಕಾಗುತ್ತದೆ.

ಟ್ಯಾನಿಮೋಟೊ ಅಂಕ 0.85 ದಾಟಿದರೆ ಅಣುಗಳು ಒಂದೇ ರೀತಿ ವರ್ತಿಸುತ್ತವೆ ಎಂಬ ಮಾತನ್ನು ಎಚ್ಚರದಿಂದ ಬಳಸಬೇಕು. ಅದು ಡೇಲೈಟ್ ಎಂಬ, ಬಂಧಗಳ ದಾರಿಗಳನ್ನು ಆಧರಿಸಿದ ಫಿಂಗರ್‌ಪ್ರಿಂಟ್‌ನ ಸಂದರ್ಭದಲ್ಲಿ ರೂಢಿಯಾದ ಮಿತಿ. ಅಲ್ಲೂ 2002ರ ಒಂದು ಅಧ್ಯಯನದಲ್ಲಿ, ಸಕ್ರಿಯ ಅಣುವಿಗೆ ಅಷ್ಟು ಹತ್ತಿರವಿದ್ದವುಗಳಲ್ಲಿ ಶೇ. 30ರಷ್ಟು ಮಾತ್ರ ತಾವೂ ಸಕ್ರಿಯವಾಗಿದ್ದವು. ಮಾರ್ಗನ್‌ನಲ್ಲಿ ಅಂಕಗಳು ಸಾಮಾನ್ಯವಾಗಿ ಇನ್ನೂ ಕೆಳಗಿರುತ್ತವೆ. ಆದ್ದರಿಂದ ಪ್ರಾಜೆಕ್ಟ್ ವರದಿಯಲ್ಲಿ ಸಾಮ್ಯದ ಅಂಕದ ಜೊತೆಗೆ ಫಿಂಗರ್‌ಪ್ರಿಂಟ್‌ನ ಬಗೆ, ತ್ರಿಜ್ಯ, ಬಿಟ್‌ಗಳ ಸಂಖ್ಯೆ ಮತ್ತು ಅಳತೆಯ ಹೆಸರನ್ನು ತಪ್ಪದೆ ನಮೂದಿಸಬೇಕು.